ಕಿಟಕಿಗೆ ಇಳಿದ ಕಲ್ಲು

ಬೆಂಕಿಪೊಟ್ಟಣದಷ್ಟು ಬಾಲ್ಕನಿಯಲ್ಲಿ ಡಬ್ಬದ ಮೇಲೆ ಡಬ್ಬ ಪೇರಿಸಿ, ಅರ್ಧ ಊರಿಗೆ ಹುಳಿ ಮಾಡುವಷ್ಟು ತರಕಾರಿ ಬೆಳೆಯುತ್ತಿದ್ದಳು ಮೇಲಿನ ಮನೆಯ ರೇಣುಕಾ. ಆ ಡಬ್ಬಗಳ ಕೆಸರು ನೀರು ಒಗೆದ ಸೀರೆಯ ಮೇಲೆ ಸುರಿದ ದಿನ ಕೆಳಗಿನ ಮನೆಯ ಪುಟ್ಟತಾಯಮ್ಮ ಆಡಿದ ಜಗಳವನ್ನು ನಾಲ್ಕು ಬೀದಿಯ ನಾಯಿಗಳೂ ಬೊಗಳುವುದು ಬಿಟ್ಟು ಕೇಳಿದ್ದವು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಹಾಗಿರುವಾಗ ಒಂದು ಬೆಳಿಗ್ಗೆ ಪುಟ್ಟತಾಯಮ್ಮನ ಅಡುಗೆಮನೆ ಕಿಟಕಿಯೆದುರು ದಾರಕ್ಕೆ ಕಟ್ಟಿದ ಕಲ್ಲೊಂದು ಮೇಲಿನಿಂದ ತೂಗಾಡಿತು. ಕಿಟಕಿಯ ಮೇಲಿನ ಸಜ್ಜಾ ಅಡ್ಡವಿದ್ದುದರಿಂದ ದಾರದ ಮೇಲ್ತುದಿ ಕಾಣದು. ಮರುದಿನ ಕಲ್ಲು ಒಂದು ಗೇಣು ಕೆಳಗಿಳಿದಿತ್ತು.

"ರೀ, ಇದು ಮಾಟ. ಶುಕ್ರವಾರ ಮಗಳನ್ನ ನೋಡೋಕೆ ಬರ್ತಾರೆ ಅಂತ ಮೇಲಿನವಳಿಗೆ ಗೊತ್ತಾಗಿದೆ."

"ಕಲ್ಲು ಕಣೇ ಅದು."

"ಬರೀ ಕಲ್ಲು ದಿನಾ ಇಳ್ಕೊಂಡು ಬರತ್ತಾ?"

ಗಂಡ ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ನಡೆದ.

ಪುಟ್ಟತಾಯಮ್ಮ ಸುಮ್ಮನಿರುವ ಹೆಂಗಸೇ? ಮೂರು ಲೋಕದ ಮಾಟಗಾರರೂ ಗಂಟುಮೂಟೆ ಕಟ್ಟುವಂಥ ನಿಂಬೆಹಣ್ಣು ಆರಿಸಿ, ಏಳು ಮೆಣಸಿನಕಾಯಿಯ ಜೊತೆ ಪೋಣಿಸಿ, ಕಿಟಕಿಯ ಸರಳಿನಾಚೆ ಕೈ ಚಾಚಿ ಆ ದಾರಕ್ಕೇ ಬಿಗಿದಳು.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದರೆ ರೇಣುಕಾ ನಿಂತಿದ್ದಳು. ಕೈಯಲ್ಲಿ ಆಳುದ್ದದ ಪಡುವಲಕಾಯಿ.

"ನೆಟ್ಟಗೆ ಬೆಳೀಲಿ ಅಂತ ತುದಿಗೆ ಕಲ್ಲು ಕಟ್ಟಿದ್ದೆ ಅಕ್ಕಾ. ಗಂಡಿನವರ ಊಟಕ್ಕೆ ಆಗತ್ತೆ, ತಗೊಳ್ಳಿ" ಎಂದು ಅವಳು ಕಣ್ಣೊರೆಸಿಕೊಂಡಳು. "ನಿಮ್ಮ ಕಣ್ಣೇ ಬೀಳತ್ತೆ ಅಂತ ಹೆದರಿದ್ದೆ. ನೀವು ನೋಡಿದ್ರೆ, ನನ್ನ ಕಾಯಿಗೆ ದೃಷ್ಟಿ ಆಗದೇ ಇರ್ಲಿ ಅಂತ ನಿಂಬೆಹಣ್ಣು ಕಟ್ಟಿದೀರ."