ಬರೆದುಕೊಳ್ಳದ ಪದ್ಧತಿ

ಅರ್ದಾಯ ಮೀನಿನ ಹೊಟ್ಟೆ ಸೀಳಿ ಉಪ್ಪು ತುಂಬುತ್ತಿದ್ದಳು. ಬೆಳಗಿನಿಂದ ಇದು ಮೂರನೇ ಹರವಿ. ಸೊಂಟ ಬಿದ್ದುಹೋಗಿತ್ತು. ಎದುರಿಗೆ ಕೂತ ಮೆಲಾಸನ ಪ್ರಶ್ನೆಗಳೂ ಮುಗಿಯುವಂತಿರಲಿಲ್ಲ.

ಮಿಲೆಟೋಸಿನ ಗ್ರೀಕ ಅವನು. ಕುದುರೆ ಸಾಕುವ ಅಲೆಮಾರಿ ಸಿಥಿಯನ್ನರ ವಿಚಿತ್ರಗಳನ್ನೆಲ್ಲ ಬರೆದುಕೊಂಡು ಸಂಜೆಯ ಹಡಗಿಗೆ ಹೊರಟವನು. ಹೊಳೆ ಹೆಪ್ಪುಗಟ್ಟುವ ಮುಂಚಿನ ಕೊನೆಯ ಹಡಗು. ಸಿಥಿಯನ್ನರ ನಾಡಿನಂಚಿಗೆ ಗ್ರೀಕರು ಕಟ್ಟಿಕೊಂಡ ಓಲ್ಬಿಯದ ಬಂದರಿನಲ್ಲಿ ಸಿಥಿಯನ್ನರಂತೆ ಷರಾಯಿ ತೊಟ್ಟ ಹೆಂಗಸು ಇವಳೊಬ್ಬಳೇ. ಕೇಳಿದ್ದಕ್ಕೆ ಉತ್ತರ ಹೇಳಿದರೆ ತನ್ನ ಓಲೆ ಬರೆದು ಒಯ್ಯಬೇಕು, ಇದು ಅವಳ ಕರಾರು. ಓಲೆ ಗೀಚುವ ಖಾಲಿ ಸೀಸದ ತಗಡೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಳು ವರ್ಷ ಹಡಗಿನವರನ್ನು ಬೇಡಿದ್ದಳು. "ಕುದುರೆ ಹಾಲು ಕುಡಿಯೋರಿಗೆ ಓಲೆ ಬೇರೆ ಕೇಡು" ಎಂದು ನಕ್ಕು ಕಳಿಸಿದ್ದರು.

"ನೀರು ಬೆರೆಸದೆ ದ್ರಾಕ್ಷಾರಸ ಕುಡೀತೀರಂತೆ?"

"ಸಿಕ್ಕಿದಾಗ."

"ಶತ್ರುವಿನ ಬುರುಡೇಲಿ?"

"ನಮ್ಮನೇಲಿ ಮರದ ಬಟ್ಟಲಿತ್ತು ಸ್ವಾಮಿ. ಬೇಜಾರು ಮಾಡ್ಕೋಬೇಡಿ."

ಮೆಲಾಸ ಬುರುಡೆ ಎಂದೇ ಬರೆದುಕೊಂಡ.

"ಕೊರಳಲ್ಲಿ ನಮ್ಮೋರ ಕಂಚಿನ ಡಾಲ್ಫಿನ್ ನಾಣ್ಯ. ಯಾರನ್ನ ಕೊಂದು ಕಿತ್ಕೊಂಡಿದ್ದು?"

"ಹುಟ್ಟಿದಾಗಿಂದ ಇದೆ."

"ಹುಟ್ತಾನೇ ಲೂಟಿ" ಎಂದು ನಕ್ಕ. "ಹೋಗಲಿ, ನೀನು ಬಲ್ಲ ಅತಿ ಕ್ರೂರ ಪದ್ಧತಿ ಯಾವುದು, ಅದನ್ನ ಹೇಳು."

"ಹೆಣ್ಣು ಹುಟ್ಟಿತು ಅಂತ ಗಡಿಗೇಲಿಟ್ಟು ಊರಾಚೆ ಬಿಟ್ಟು ಬರೋದು."

ಅವನ ಬರೆಯುವ ಕಡ್ಡಿ ನಿಂತಿತು. "ಅದರಲ್ಲೇನು ವಿಚಿತ್ರ? ನಮ್ಮಲ್ಲೂ ಬಿಡ್ತಾರೆ. ಅದು ಅವರವರ ಮನೆ ವಿಷಯ."

ಬರೆದುಕೊಳ್ಳಲಿಲ್ಲ.

"ಹೌದಾ" ಎಂದು ಅವಳು ಮುಂದಿನ ಮೀನು ಎತ್ತಿಕೊಂಡಳು.

ಹೊತ್ತು ಇಳಿಯಿತು. ಹಡಗಿನವರು ಕೂಗಿದರು. ಮೆಲಾಸ ತಗಡಿಗೆ ಕೈಚಾಚಿದ. "ಬೇಗ ಹೇಳು. ಯಾರಿಗೆ?"

"ಮಿಲೆಟೋಸಿನ ಕುಂಬಾರಗೇರೀಲಿ ಫಿಲಿನ್ನ ಅಂತ. ಮೊದಲು ಇದೇ ಊರಲ್ಲಿದ್ದೋರು. ವಯಸ್ಸಾಗಿದೆ, ಮುಂದಿನ ವಸಂತಕ್ಕೆ ಇರ್ತಾರೋ ಇಲ್ಲವೋ."

"ಗ್ರೀಕರ ಮನೆಯೋಳಿಗೆ ನಿನ್ನದೇನು ಮಾತು? ಅವರಲ್ಲಿ ಕೆಲಸಕ್ಕಿದ್ದೆಯಾ?"

"ಅವರ ಮನೇಲಿ ಒಂದೇ ದಿನ ಇದ್ದೆ."

ಅವಳು ಕೈ ತೊಳೆದುಕೊಂಡು ನಿಧಾನವಾಗಿ ಹೇಳಿದಳು. ನಡುವೆ ಒಮ್ಮೆ ಅವನ ಕಡ್ಡಿ ನಿಂತಿತು. ತಲೆಯೆತ್ತಿ ಅವಳ ಕೊರಳನ್ನು ನೋಡಿದ. ಮತ್ತೆ ಗೀಚಿದ. ಈ ಸಲ ನಗಲಿಲ್ಲ. ತಗಡನ್ನು ಸುರುಳಿ ಸುತ್ತಿ, ತನ್ನ ಬರಹದ ಚೀಲಕ್ಕೆ ಹಾಕದೆ ಎದೆಗೆ ಸೇರಿಸಿಕೊಂಡು ಹಡಗು ಹತ್ತಿದ. ಹಾಯಿ ಬಿಚ್ಚಿಕೊಂಡಿತು. ತಗಡಿನಲ್ಲಿ ಇದ್ದದ್ದು ಇಷ್ಟು:

"ಅಮ್ಮಾ, ಸೂಲಗಿತ್ತಿ ಸಾಯುವಾಗ ಎಲ್ಲ ಹೇಳಿದಳು; ಗಡಿಗೆಯಲ್ಲಿ ನೀನಿಟ್ಟ ಡಾಲ್ಫಿನ್ ನನ್ನ ಕೊರಳಲ್ಲೇ ಇದೆ; ನನ್ನನ್ನು ಎತ್ತಿಕೊಂಡು ಸಾಕಿದವರು ಸಿಥಿಯನ್ನರು."