ಕಲ್ಯದಿಂದ ಬಂದ ಕಾಗದ

ಶಿವಲಿಂಗಮ್ಮನವರು ವ್ಯಾನಿನ ಬಾಗಿಲಿಗೆ ಅಡ್ಡ ನಿಂತಿದ್ದರು. ಅವರ ಗಂಡ, ಮಾಜಿ ಶಾಸಕ ಚೆಲುವಯ್ಯ, ತೀರಿಕೊಂಡು ಹನ್ನೊಂದು ತಿಂಗಳು. ಅವರು ಬಿಟ್ಟುಹೋದ ಕಾಗದಪತ್ರಗಳ ಇಪ್ಪತ್ತಾರು ಪೆಟ್ಟಿಗೆಗಳು ಚನ್ನಪಟ್ಟಣದ ಮನೆಯಿಂದ ಬೆಂಗಳೂರಿನ ಸಂಗ್ರಹಾಲಯಕ್ಕೆ ಹೊರಟಿದ್ದವು. ಮಗ ಮನೋಹರ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ರಾಮನಗರಕ್ಕೆ ಹೋಗಿದ್ದ.

“ಬಾಗ್ಲು ಬುಡಿ ಅಜ್ಜಿ. ಇಲ್ಲೇ ನಿಂತ್ರೆ ಮೇಡಮ್ಮು ನಿಮ್ಗೂ ಒಂದು ನಂಬರ್ ಅಂಟಿಸ್ಬುಡ್ತಾರೆ,” ಎಂದ ಚಾಲಕ ಸಾಬೀರ್.

ಮುದುಕಿ ನಗಲಿಲ್ಲ. ಸಂಗ್ರಹಾಲಯದ ಸೌಮ್ಯಳ ಕೈ ಹಿಡಿದುಕೊಂಡರು.

“ಒಂದು ಕಾಗ್ದ ಹುಡುಕ್ಕೊಡವ್ವ. ನಂಗೆ ಓದು ಬರಾಕಿಲ್ಲ. ಮನೋಹರನ್ನ ಕೇಳೋಕೆ ಬಾಯಿ ಬರಾಕಿಲ್ಲ.”

“ಪಟ್ಟಿಗೆ ಸೇರಿದ ಮೇಲೆ ಒಂದು ಚೀಟಿಯನ್ನೂ ತೆಗೆಯುವ ಹಾಗಿಲ್ಲಮ್ಮ.”

“ತೆಗೀಬ್ಯಾಡ. ಸಾಹೇಬ್ರು ಅದನ್ನ ಓದಿದ್ರೋ ಇಲ್ವೋ, ಅಷ್ಟು ಹೇಳು. ಕಲ್ಯದಿಂದ ಬಂದಿದ್ದು. ಒಬ್ಬ ಹೆಂಗಸಿಂದು.”

ಸೌಮ್ಯ ತಲೆ ತಗ್ಗಿಸಿದಳು. ಇಂಥ ಕಾಗದಗಳು ಅವಳಿಗೆ ಹೊಸತಲ್ಲ. ಹೋದ ವರ್ಷ ಇನ್ನೊಬ್ಬ ಶಾಸಕರ ಪೆಟ್ಟಿಗೆಯಲ್ಲಿ ಹದಿನೇಳು ಸಿಕ್ಕಿದ್ದವು.

“ಯಾವ ವರ್ಷದ್ದು?”

“ಎರಡ್ನೇ ಸಲ ಗೆದ್ದ ವರ್ಸ. ಅಧಿವೇಶನ ಅಂತ ಸಾಹೇಬ್ರು ಬೆಂಗ್ಳೂರಲ್ಲೇ ಇದ್ರು. ಮಗೀಗೆ ಜ್ವರ, ಕಾರು ಕಳ್ಸಿ ಅಂತ ಮೇಷ್ಟ್ರ ಕೈಲಿ ಬರ್ಸಿದ್ಲು.”

“ಆ ಮಗು… ಸಾಹೇಬರದೇ?”

“ಇನ್ನಾರ್ದು?”

ಸಾಬೀರ್ ಕೆಮ್ಮಿ ಅತ್ತ ಸರಿದ.

“ಒಂಬತ್ತು ದಿನ ಕಾದ್ಲು. ಹತ್ತನೇ ದಿನಕ್ಕೆ ಮಗು ಇರ್ಲಿಲ್ಲ. ಕಾಗ್ದವೇ ಬರ್ಲಿಲ್ಲ ಅಂತ ಸಾಹೇಬ್ರು ಕೆಂಗಲ್ ಹನುಮಂತರಾಯನ ಮುಂದೆ ಆಣೆ ಇಟ್ರು. ಸಾಯೋಗಂಟ ಅದೇ ಮಾತು. ದಿಟವೋ ಸುಳ್ಳೋ ತಿಳೀದೆ ನಾನು ಹೆಂಗವ್ವ ಕಣ್ಣು ಮುಚ್ಲಿ?”

ಪರರ ಸಂಕಟಕ್ಕೆ ಇಷ್ಟು ಮರುಗುವ ಹೆಂಡತಿಯನ್ನು ಸೌಮ್ಯ ಕಂಡಿರಲಿಲ್ಲ. “ಆ ಹೆಂಗಸು ಈಗಲೂ ಇದ್ದಾರಾ?”

“ಉಸುರಾಡ್ಕೊಂಡವ್ಳೆ.”

‘ಖಾಸಗಿ’ ಎಂದು ಬರೆದಿದ್ದ ಪೆಟ್ಟಿಗೆಯನ್ನು ಸೌಮ್ಯ ಇಳಿಸಿದಳು. ಒಂದೊಂದೇ ಕಾಗದ ತಿರುವಿದಳು. ಮದುವೆಯ ಕರೆಯೋಲೆಗಳು, ವೈದ್ಯರ ಚೀಟಿಗಳು, ಮಗನ ಅಂಕಪಟ್ಟಿ. ಪ್ರತಿ ಕಾಗದಕ್ಕೂ ಮುದುಕಿ ಕತ್ತೆತ್ತುತ್ತಿದ್ದರು. ಪ್ರತಿ ಸಲವೂ ಸೌಮ್ಯ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಪೆಟ್ಟಿಗೆ ಮುಗಿಯಿತು. ‘ಸ್ನೇಹಿತರು’ ಎಂಬ ಪೆಟ್ಟಿಗೆಯೂ ಮುಗಿಯಿತು.

“ಸುಟ್ಟುಬಿಟ್ಟಿರಬೇಕಮ್ಮ.”

“ಬಸ್ ಟಿಕೇಟನ್ನೂ ಎಸೀತಿರ್ಲಿಲ್ಲ ಕಣವ್ವ ಅವ್ರು! ಒಸಿ ನೋಡು. ನಿನ್ನ ಕಾಲಿಗೆ ಬೀಳ್ತೀನಿ.” ಹೇಳಿದ್ದಲ್ಲದೆ ಬಾಗಿಯೂಬಿಟ್ಟರು. ಸೌಮ್ಯ ಹೌಹಾರಿ ಭುಜ ಹಿಡಿದು ಎತ್ತಿದಳು.

ಆಗ ಅವಳಿಗೆ ಹೊಳೆಯಿತು. ಕಲ್ಯ ಮಾಗಡಿ ತಾಲ್ಲೂಕಿನ ಊರು. ಚೆಲುವಯ್ಯನವರ ಕ್ಷೇತ್ರಕ್ಕೆ ಸೇರಿದ್ದಲ್ಲ. ಬೇರೆ ಕ್ಷೇತ್ರಗಳಿಂದ ಬಂದ ಅರ್ಜಿಗಳಿಗೆಂದೇ ಅವರು ಪ್ರತ್ಯೇಕ ಕಟ್ಟುಗಳನ್ನು ಕಟ್ಟಿಸಿದ್ದರು. ಹೆಂಗಸಿನ ಕಾಗದವೆಂದೊಡನೆ ತಾನು ಗುಟ್ಟಿನ ಜಾಗವನ್ನಷ್ಟೇ ತಡಕಾಡಿದ್ದಳು.

ಮೂರನೆಯ ಕಟ್ಟಿನ ನಡುವೆ ಒಂದು ನೀಲಿ ಇನ್‌ಲ್ಯಾಂಡ್ ಕಾಗದ ಇತ್ತು. ಅಂಚಿನ ಅಂಟನ್ನು ಯಾರೂ ಬಿಡಿಸಿರಲಿಲ್ಲ.

“ಸಿಕ್ತಾ? ಓದಿದ್ರಾ?”

ಸೌಮ್ಯ ಕಾಗದವನ್ನು ತಿರುಗಿಸಿದಳು. ಕಳಿಸಿದವರ ವಿಳಾಸ: ‘ಶಿವಲಿಂಗಮ್ಮ ಕೋಂ ಚೆಲುವಯ್ಯ, ಹಾಲಿ ತವರುಮನೆ, ಕಲ್ಯ, ಮಾಗಡಿ ತಾಲ್ಲೂಕು.’ ಊರಿನ ಹೆಸರಿಗೆ ಮಾತ್ರ ಕೆಂಪು ಗೆರೆ. ಪಕ್ಕದಲ್ಲಿ ಶಾಸಕರ ದುಂಡನೆಯ ಅಕ್ಷರ: ‘ನಮ್ಮ ಕ್ಷೇತ್ರದವರಲ್ಲ. ವಿಲೇ.’