ಎರಡರಿಂದ ಮೂರಕ್ಕೆ

ಗಿರಾಕಿ ಮತ್ತೆ ಕಣ್ಣು ಮುಚ್ಚಿಕೊಂಡ.

ಸ್ಟೀರಿಂಗ್ ಹಿಡಿದಿದ್ದ ಕ್ಲಚ್ ಮಾಮ ಓರೆಗಣ್ಣಿನಿಂದ ಅವನನ್ನು ನೋಡಿದ. ಹದಿನೆಂಟು ವರ್ಷದಿಂದ ಸ್ಪೋರ್ಟ್ಸ್ ಕಾರು ಮಾರುತ್ತಿದ್ದ ಅವನು ಪಕ್ಕದ ಸೀಟಿನಲ್ಲಿ ಕೂತು ಕಿರುಚಿದವರನ್ನು ಕಂಡಿದ್ದ, ದೇವರನ್ನು ನೆನೆದವರನ್ನು ಕಂಡಿದ್ದ, ವಾಂತಿ ಮಾಡಿಕೊಂಡವರನ್ನೂ ಕಂಡಿದ್ದ. ತೊಡೆಯ ಮೇಲೆ ಫೋನಿಟ್ಟುಕೊಂಡು, ಎರಡೂ ಅಂಗೈಗಳನ್ನು ಸೀಟಿಗೆ ಒತ್ತಿ, ಉಸಿರು ಬಿಗಿಹಿಡಿದು ಕೂತವರನ್ನು ಮಾತ್ರ ಕಂಡಿರಲಿಲ್ಲ.

"ಹುಷಾರಾಗಿದ್ದೀರಾ ಸಾರ್?"

"ಗೇರು ಹಾಕುವಾಗ ಮಾತಾಡಬೇಡಿ," ಎಂದ ಗಿರಾಕಿ. "ಎರಡರಿಂದ ಮೂರಕ್ಕೆ ಇನ್ನೊಂದ್ಸಲ."

ಅದು ಒಂಬತ್ತನೆಯ ಸಲ.

ಕ್ಲಚ್ ಮಾಮ ಎಂಬುದು ವರ್ಕ್‌ಶಾಪಿನವರು ಇಟ್ಟ ಹೆಸರು. ಕಾಲಲ್ಲಿ ಕ್ಲಚ್ಚು ತುಳಿದು ಕೈಯಲ್ಲಿ ಗೇರು ಬದಲಾಯಿಸದವನು ಕಾರು ಓಡಿಸುವುದಿಲ್ಲ, ಕಾರಿನಲ್ಲಿ ಕೂತಿರುತ್ತಾನೆ ಅಷ್ಟೆ ಎಂಬುದು ಅವನ ವಾದ. ಅವನ ಹಟಕ್ಕೆ ಮಣಿದು ಶೋರೂಮಿನವರು ಒಂದು ಹಳದಿ ಮ್ಯಾನ್ಯುಯಲ್ ಕಾರು ತರಿಸಿದ್ದರು. ತರಿಸಿ ಹದಿನಾಲ್ಕು ತಿಂಗಳಾಗಿತ್ತು. ಬಂದವರು ಅದರಲ್ಲಿ ಕೂರುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು, ಕಾಲಬುಡದಲ್ಲಿ ಮೂರನೆಯ ಪೆಡಲು ಕಂಡೊಡನೆ ಹಲ್ಲಿ ಕಂಡವರಂತೆ ಕಾಲೆತ್ತಿಕೊಂಡು ಇಳಿದು ಆಟೋಮ್ಯಾಟಿಕ್ ಕೊಳ್ಳುತ್ತಿದ್ದರು.

ಮ್ಯಾನೇಜರು ಹೆಚ್ಚು ಮಾತಿನವರಲ್ಲ. "ಈ ತಿಂಗಳೊಳಗೆ ಅದು ಹೊರಗೆ ಹೋಗ್ಬೇಕು," ಎಂದಿದ್ದರು. "ಇಲ್ಲಾಂದ್ರೆ ನೀವು ಟಯರ್ ಕೌಂಟರಿಗೆ ಹೋಗ್ಬೇಕು."

ತಿಂಗಳು ಮುಗಿಯಲು ಆರು ದಿನ ಉಳಿದಿದ್ದಾಗ ಈ ಗಿರಾಕಿ ಬಂದ. ಸಣಕಲು ದೇಹ, ಗರಿಗರಿ ಶರ್ಟು. ಬೆಲೆ ಕೇಳಲಿಲ್ಲ. ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತದೆ ಎಂದೂ ಕೇಳಲಿಲ್ಲ. "ಮೂರು ಥರದ ಗೇರ್‌ಬಾಕ್ಸೂ ನೋಡ್ಬೇಕು. ದಿನಕ್ಕೊಂದು. ನೀವೇ ಓಡಿಸಿ. ನಾನು ಓಡಿಸಿದ್ರೆ ಗಮನವೆಲ್ಲ ರಸ್ತೆ ಮೇಲೆ ಹೋಗುತ್ತೆ."

ಮೊದಲ ದಿನ ಆಟೋಮ್ಯಾಟಿಕ್. ಕಾರೇ ತನ್ನಷ್ಟಕ್ಕೆ ಗೇರು ಬದಲಾಯಿಸಿಕೊಂಡು ಹೋಯಿತು. "ತುಂಬ ನುಣುಪು," ಎಂದು ಗಿರಾಕಿ ಮುಖ ಸಪ್ಪಗೆ ಮಾಡಿದ.

ಎರಡನೆಯ ದಿನ ಡ್ಯುಯಲ್ ಕ್ಲಚ್. ಮಾಮ ತನ್ನ ಸಿಟ್ಟನ್ನು ನುಂಗಿಕೊಂಡು ವಿವರಿಸಿದ. "ಇದಕ್ಕೆ ಎರಡು ಕ್ಲಚ್ ಸಾರ್. ಒಂದು ಗೇರು ಕೆಲಸ ಮಾಡ್ತಿರುವಾಗಲೇ ಮುಂದಿನದು ತಯಾರಾಗಿ ನಿಂತಿರುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಬದಲಾಗಿಬಿಡುತ್ತೆ."

"ಅದೇ ತೊಂದರೆ," ಎಂದ ಗಿರಾಕಿ. "ಬದಲಾಗಿದ್ದು ಗೊತ್ತೇ ಆಗಲ್ಲ. ಗೊತ್ತಾಗ್ಬೇಕು."

ಮಾಮನಿಗೆ ಅವನನ್ನು ಅಲ್ಲೇ ತಬ್ಬಿಕೊಳ್ಳುವಷ್ಟು ಪ್ರೀತಿ ಬಂತು.

ಮರುದಿನ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹೆಂಡತಿ ಅದಕ್ಕೆ ತಣ್ಣೀರೆರಚಿದಳು. "ಅವನು ತಗೊಳ್ಳೋನಲ್ಲ ಕಣ್ರೀ. ಕಾರು ತಗೊಳ್ಳೋನು ಮೊದಲು ಬಣ್ಣ ಕೇಳ್ತಾನೆ."

"ನಿನಗೆ ತಿಳಿಯಲ್ಲ. ಅವನು ರಸಿಕ."

"ರಸಿಕನೋ, ಎದುರು ಶೋರೂಮಿನವರು ಕಳಿಸಿದ ಗೂಢಚಾರನೋ. ಟಯರ್ ಕೌಂಟರಲ್ಲಿ ಫ್ಯಾನಿದೆಯಾ ಅಂತ ಈಗಲೇ ವಿಚಾರಿಸಿಟ್ಕೊಳ್ಳಿ."

ಆ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಅದಕ್ಕೇ ಈಗ, ಮೂರನೆಯ ದಿನ, ಹಳದಿ ಕಾರಿನಲ್ಲಿ, ಹನ್ನೊಂದನೆಯ ಸಲ ಎರಡರಿಂದ ಮೂರಕ್ಕೆ ಹೋಗುವಾಗ ಮಾಮನ ಎಡಗಾಲು ಅರೆಕ್ಷಣ ಮೊದಲೇ ಮೇಲೆದ್ದಿತು. ಗೇರ್‌ಬಾಕ್ಸು ಕರ್‍ರೆಂದು ಹಲ್ಲು ಕಡಿಯಿತು. ಕಾರು ಕಪ್ಪೆಯಂತೆ ಕುಪ್ಪಳಿಸಿತು. ಇಬ್ಬರ ತಲೆಯೂ ಒಟ್ಟಿಗೆ ಮುಂದೆ ಹೋಗಿ ಒಟ್ಟಿಗೆ ಹಿಂದೆ ಬಂತು.

"ಅಯ್ಯೋ," ಎಂದ ಮಾಮ. ಮುರಿದದ್ದು ತನ್ನದೇ ಹಲ್ಲು ಎನ್ನುವ ಹಾಗೆ. "ಕ್ಷಮಿಸಿ ಸಾರ್. ಹದಿನೆಂಟು ವರ್ಷದಲ್ಲಿ ಒಂದು ಸಲವೂ ಹೀಗಾಗಿಲ್ಲ."

ಗಿರಾಕಿ ಕಣ್ಣು ತೆರೆದ. ಕಣ್ಣಂಚು ಒದ್ದೆಯಾಗಿತ್ತು.

"ಇದೇ," ಎಂದ ಮೆಲ್ಲಗೆ. "ಇದನ್ನೇ ಹುಡುಕ್ತಿದ್ದೆ. ಇನ್ನೊಂದ್ಸಲ ಮಾಡ್ತೀರಾ?"

ಬೇಕೆಂದೇ ತಪ್ಪು ಮಾಡುವುದು ಇಷ್ಟು ಕಷ್ಟ ಎಂದು ಮಾಮನಿಗೆ ಗೊತ್ತಿರಲಿಲ್ಲ. ಕಾಲು ಹಳೆಯ ಅಭ್ಯಾಸ ಬಿಡದು. ಗೇರು ತಾನೇ ತಾನಾಗಿ ನುಣ್ಣಗೆ ಬಿದ್ದುಬಿಡುತ್ತಿತ್ತು. ಆರು ಪ್ರಯತ್ನದಲ್ಲಿ ಎರಡು ಮಾತ್ರ ಕೆಟ್ಟವು. ಪ್ರತಿ ಸಲವೂ ಬಾಯಿಂದ ಅಯ್ಯೋ ಹೊರಟಿತು.

"ಆ ಅಯ್ಯೋ ಬೇಡ," ಎಂದ ಗಿರಾಕಿ. "ಬರೀ ಕರ್ ಮಾತ್ರ ಬರಲಿ."

ಮಾಮ ತುಟಿ ಕಚ್ಚಿ ಹಿಡಿದ. ಮೂರನೆಯದು ಚೊಕ್ಕವಾಗಿ ಕೆಟ್ಟಿತು.

ಶೋರೂಮಿನ ಗಾಜಿನ ಬಾಗಿಲಲ್ಲಿ ಮ್ಯಾನೇಜರು ಕಾದು ನಿಂತಿದ್ದರು. ಮಾಮ ಕಾರಿನಿಂದಿಳಿದು ಹೆಬ್ಬೆರಳೆತ್ತಿ ತೋರಿಸಿದ. ಒಳಗೆ ಮೇಜಿನ ಮುಂದೆ ಕೂತ ಗಿರಾಕಿ, "ಹಳದಿ ಕಾರು ನಮಗೆ ಬೇಕು," ಎಂದ. ಮ್ಯಾನೇಜರು ಕಾಗದಪತ್ರಕ್ಕೆಂದು ಓಡಿದರು. ಆ ಮನುಷ್ಯ ಓಡಿದ್ದನ್ನು ಯಾರೂ ಅದುವರೆಗೆ ನೋಡಿರಲಿಲ್ಲ. ಮಾಮನಿಗೆ ಹೆಂಡತಿಗೆ ಫೋನು ಮಾಡುವ ಆಸೆ ತಡೆಯಲಾಗಲಿಲ್ಲ.

"ಕಾರಿನದು ಇರಲಿ, ನಿಮ್ಮದು ಎಷ್ಟಾಗುತ್ತೆ?" ಎಂದ ಗಿರಾಕಿ.

"ನಂದಾ?"

"ಆರು ತಿಂಗಳು ನಮ್ಮ ಕಾರ್ಖಾನೆಗೆ ಬನ್ನಿ. ಇವತ್ತು ಮಾಡಿದ್ದನ್ನೇ ದಿನಾ ಮಾಡ್ಬೇಕು. ಒಂದರಿಂದ ಆರರವರೆಗೆ, ಚೆನ್ನಾಗೂ, ಕೆಟ್ಟದಾಗೂ. ಇಷ್ಟು ಜೀವ ಇರೋ ಕೈ ನನಗೆ ಇನ್ನೆಲ್ಲೂ ಸಿಗಲಿಲ್ಲ."

ಮಾಮ ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡ. ಹದಿನೆಂಟು ವರ್ಷ ಜನ ನಕ್ಕಿದ್ದ ಕೈ ಅದು. ಮ್ಯಾನ್ಯುಯಲ್ ಗೇರಿಗೆ ಇನ್ನೂ ಆಯಸ್ಸಿದೆ, ಅದನ್ನು ಬಿಡದೆ ಮಾಡುವವರು ಲೋಕದಲ್ಲಿ ಇನ್ನೂ ಇದ್ದಾರೆ.

"ಬರ್ತೀನಿ ಸಾರ್," ಎಂದ. "ಎಂಥ ಗೇರ್‌ಬಾಕ್ಸ್ ಮಾಡ್ತೀರಿ ನೀವು?"

"ಗೇರ್‌ಬಾಕ್ಸಾ? ನಮ್ಮದು ಬ್ಯಾಟರಿ ಕಾರು ಸ್ವಾಮಿ, ಅದರಲ್ಲಿ ಗೇರೇ ಇಲ್ಲ. ಓಡಿಸೋಕೆ ಸಪ್ಪೆ ಅಂತ ಕೊಂಡವರು ಗೊಣಗ್ತಾರೆ, ಅದಕ್ಕೆ ಸ್ಪೀಕರಿಂದ ನಿಮ್ಮ ಗೇರಿನ ಸದ್ದು, ಸೀಟಿನಡಿಯಿಂದ ನಿಮ್ಮ ಕುಲುಕು ಕೊಡೋಣ ಅಂತಿದ್ದೀವಿ."